ಮಲಗಿದ ಚಕ್ಕೆ, ನಿಂತ ಚಕ್ಕೆ: ಎಪಾಕ್ಸಿ ಥರ್ಮಲ್ ಶೀಟ್ ನಾಲ್ಕು ತಿಂಗಳು ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ನಾಲ್ಕು ಸ್ಟಾರ್. ಬಿಸಿಯಾಗುವ ಭಾಗಕ್ಕೂ ಲೋಹದ ಬಾಡಿಗೂ ನಡುವೆ ಇಟ್ಟು, ಕರೆಂಟ್ ತಡೆದು ಬಿಸಿಯನ್ನು ಮಾತ್ರ ದಾಟಿಸುವ ಎಪಾಕ್ಸಿ (ಗಟ್ಟಿಯಾಗುವ ಅಂಟು) ಹಾಳೆ ಇದು. ಶೀಟ್ ಚೆನ್ನಾಗಿದೆ. ದುಬಾರಿ. ಕೂರಿಸುವಾಗ ಹುಷಾರಾಗಿರಬೇಕು. ಎಲ್ಲರಿಗೂ ಬೇಕಾಗುವಂಥದ್ದಲ್ಲ. ಆದರೆ ಎಲ್‌ಇಡಿ ದೀಪ, ಸೋಲಾರ್ ಚಾರ್ಜ್ ಕಂಟ್ರೋಲರ್, ಗಾಡಿಯ ಮೋಟಾರ್ ಕಂಟ್ರೋಲರ್ ಅಂತ ಬಿಸಿಯಾಗುವ ಸಾಮಾನು ಕೈಯಾರೆ ಜೋಡಿಸುವವರು ಇದನ್ನು ಪೂರ್ತಿ ಓದಿ. ಈ ಶೀಟಿನಿಂದ ನಾನು ಕಲಿತ ಒಂದೇ ಒಂದು ವಿಷಯ ಮುಂಚೆ ಗೊತ್ತಿದ್ದರೆ ಹೋದ ಬೇಸಿಗೆಯಲ್ಲಿ ನಮ್ಮ 140 ದೀಪಗಳು ವಾಪಸ್ ಬರುತ್ತಿರಲಿಲ್ಲ.

ನಮ್ಮದು ಪೀಣ್ಯದಲ್ಲಿ ಒಂದು ಸಣ್ಣ ಶೆಡ್, ಆರು ಜನ. ಬೀದಿ ದೀಪ ಜೋಡಿಸಿ ಕೊಡುತ್ತೇವೆ. ಹೋದ ವರ್ಷ ಫೆಬ್ರವರಿಯಲ್ಲಿ ರಾಯಚೂರು ಕಡೆಗೆ ಒಂದು ಲೋಡ್ ಕಳಿಸಿದೆವು, 30 ವ್ಯಾಟಿನ ದೀಪಗಳು. ಏಪ್ರಿಲ್ ಕೊನೆಗೆ ಫೋನ್ ಶುರುವಾಯಿತು. ಮೊದಲು ಮಿಣುಕುತ್ತವೆ, ಆಮೇಲೆ ಮಂಕಾಗುತ್ತವೆ, ಆಮೇಲೆ ಹತ್ತುವುದೇ ಇಲ್ಲ. ಅಲ್ಲಿಯ ಬಿಸಿಲು ಗೊತ್ತಲ್ವಾ, ಹಗಲು 42 ಡಿಗ್ರಿ ದಾಟುತ್ತದೆ, ದೀಪ ಹತ್ತುವ ಹೊತ್ತಿಗೂ ಕಂಬದ ಕಬ್ಬಿಣ ಮುಟ್ಟಿದರೆ ಬೆಚ್ಚಗೇ ಇರುತ್ತದೆ. ಊರಿನ ಒಬ್ಬರು ಹಿರಿಯರು ಫೋನಿನಲ್ಲಿ ಸಿಟ್ಟು ಮಾಡಲಿಲ್ಲ. 'ನೀರಿಗೆ ಹೋಗೋ ದಾರೀಲಿ ಕತ್ತಲಾಗೇತ್ರೀ, ಹೆಣ್ಮಕ್ಕಳಿಗೆ ತ್ರಾಸ ಆಗ್ತದ' ಅಂದರು ಅಷ್ಟೇ. ಅದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ವಾಪಸ್ ಬಂದದ್ದನ್ನು ಬಿಚ್ಚಿ ನೋಡಿದರೆ ಎಲ್‌ಇಡಿ ಬಿಲ್ಲೆಯ ಅಂಚು ಕಂದು ತಿರುಗಿತ್ತು. ಹಿಂದಿನ ಅಲ್ಯೂಮಿನಿಯಂ ಬಾಡಿಗೆ ಏನೂ ಆಗಿರಲಿಲ್ಲ. ಹೊಸದೊಂದನ್ನು ಬೆಂಚಿನ ಮೇಲೆ ಹತ್ತಿಸಿ, ಎರಡು ಥರ್ಮೋಕಪಲ್ (ತಾಪ ಅಳೆಯುವ ತಂತಿ) ಅಂಟಿಸಿದೆವು. ಒಂದು ಎಲ್‌ಇಡಿ ಬೆನ್ನಿಗೆ, ಇನ್ನೊಂದು ಅದರ ನೇರ ಕೆಳಗೆ ಬಾಡಿಗೆ. ಮುಕ್ಕಾಲು ಗಂಟೆ ಬಿಟ್ಟು ನೋಡಿದರೆ ಎರಡರ ನಡುವೆ 34 ಡಿಗ್ರಿ ಅಂತರ! ಎಲ್‌ಇಡಿ ಬೇಯುತ್ತಿದೆ, ಒಂದೇ ಮಿಲಿಮೀಟರ್ ಆಚೆ ಇರುವ ಬಾಡಿ ಆರಾಮಾಗಿ ಕೂತಿದೆ. ಬಿಸಿ ಸಲೀಸಾಗಿ ಕೆಳಗಿಳಿಯುತ್ತಿರಲಿಲ್ಲ.

ನಡುವೆ ಇದ್ದದ್ದು ಒಂದು ಬಿಳಿ ಎಪಾಕ್ಸಿ ಶೀಟ್. ನಮ್ಮ ದೀಪದಲ್ಲಿ ಎಲ್‌ಇಡಿಗೂ ಬಾಡಿಗೂ ಕರೆಂಟ್ ತಾಗಬಾರದು, ಕಂಬದ ಮೇಲೆ ಮಳೆ ಗುಡುಗು ಎಲ್ಲ ಇರುತ್ತದೆ, ಅದಕ್ಕೇ ಬರೀ ಥರ್ಮಲ್ ಪೇಸ್ಟ್ (ಬಿಸಿ ದಾಟಿಸಲು ಹಚ್ಚುವ ಮುಲಾಮು) ಸಾಲದು, ಶೀಟ್ ಬೇಕೇ ಬೇಕು. ಆ ಶೀಟಿನ ಲೇಬಲ್ ಮೇಲೆ 20 ಅಂತ ಬರೆದಿತ್ತು. ವ್ಯಾಟ್ ಪರ್ ಮೀಟರ್ ಕೆಲ್ವಿನ್ ಲೆಕ್ಕದಲ್ಲಿ. ಈ ಅಂಕಿ ಜಾಸ್ತಿ ಇದ್ದಷ್ಟೂ ಬಿಸಿ ಸಲೀಸಾಗಿ ಹರಿಯುತ್ತದೆ. ಹೋಲಿಕೆಗೆ ಹೇಳುವುದಾದರೆ ತಾಮ್ರದ್ದು ಸುಮಾರು 400, ಶುದ್ಧ ಅಲ್ಯೂಮಿನಿಯಂದು 237 ರ ಹತ್ತಿರ, ಏನೂ ಬೆರೆಸದ ಎಪಾಕ್ಸಿಯದ್ದು ಬರೇ 0.2. ಹಾಗಾಗಿ 20 ಅಂದರೆ ಎಪಾಕ್ಸಿಗೆ ಬಹಳ ದೊಡ್ಡ ಅಂಕಿ. ನಾವೂ ನಂಬಿದೆವು.

ಕೊಟ್ಟವರಿಗೆ ಫೋನ್ ಮಾಡಿದೆ. 'ಸರ್, ಅದು ಇನ್-ಪ್ಲೇನ್ ವ್ಯಾಲ್ಯೂ' ಅಂದರು. ಅಂದರೆ ಹಾಳೆಯ ಉದ್ದಗಲಕ್ಕೆ 20. ದಪ್ಪದಲ್ಲಿ, ಅಂದರೆ ಮೇಲಿಂದ ಕೆಳಕ್ಕೆ? 'ಒಂದೂವರೆ ಬರಬಹುದು ಸರ್.' ನಮಗೆ ಬೇಕಾಗಿದ್ದದ್ದು ಮೇಲಿಂದ ಕೆಳಕ್ಕೆ ಮಾತ್ರ! ಆಗ ಲೆಕ್ಕ ಹಾಕಿದೆ. 30 ವ್ಯಾಟಿನ ದೀಪದಲ್ಲಿ ಬೆಳಕಾಗಿ ಹೋದದ್ದು ಕಳೆದು ಸುಮಾರು 20 ವ್ಯಾಟ್ ಬಿಸಿಯಾಗಿ ಉಳಿಯುತ್ತದೆ ಅಂದುಕೊಳ್ಳಿ. ಬಿಲ್ಲೆ 20 ಮಿಲಿಮೀಟರ್ ಚೌಕ, ಶೀಟ್ 1 ಮಿಲಿಮೀಟರ್ ದಪ್ಪ. ಅಂಕಿ 20 ಇದ್ದರೆ ಶೀಟಿನಲ್ಲಿ ಏರುವ ತಾಪ ಎರಡೂವರೆ ಡಿಗ್ರಿ. ಅಂಕಿ 1.5 ಇದ್ದರೆ 33 ಡಿಗ್ರಿ. ಥರ್ಮೋಕಪಲ್ ಸುಳ್ಳು ಹೇಳಿರಲಿಲ್ಲ.

ಒಂದೇ ಶೀಟಿಗೆ ಎರಡು ಅಂಕಿ ಹೇಗೆ? ಅದರೊಳಗಿರುವ ಪುಡಿಯಿಂದ. ಎಪಾಕ್ಸಿ ತಾನಾಗಿ ಬಿಸಿ ಹರಿಸುವುದಿಲ್ಲ, ಅದಕ್ಕೇ ಅದಕ್ಕೆ ಏನಾದರೂ ಬೆರೆಸುತ್ತಾರೆ. ಅಗ್ಗದ್ದು ಅಂದರೆ ಅಲ್ಯೂಮಿನಾ ಪುಡಿ, ಅದು ಹೆಚ್ಚುಕಡಿಮೆ ಗುಂಡಗೆ ಇರುತ್ತದೆ. ಒಳ್ಳೆಯದು ಅಂದರೆ ಬೋರಾನ್ ನೈಟ್ರೈಡ್, ಇದು ಗುಂಡಗಿಲ್ಲ, ಚಕ್ಕೆ ಚಕ್ಕೆ. ಬಿಳಿ ಗ್ರಾಫೈಟ್ ಅಂತಲೂ ಕರೆಯುತ್ತಾರೆ. ಗ್ರಾಫೈಟಿನ ಥರವೇ ಪದರ ಪದರ, ಆದರೆ ಕರೆಂಟ್ ಹರಿಸುವುದಿಲ್ಲ. ಚಕ್ಕೆಯ ಉದ್ದಕ್ಕೆ ಬಿಸಿ ಓಡುತ್ತದೆ, ಅಂಕಿ ನೂರುಗಳಲ್ಲಿರುತ್ತದೆ. ಚಕ್ಕೆಯ ದಪ್ಪದಲ್ಲಿ ಅದರ ಎಷ್ಟೋ ಪಾಲು ಕಮ್ಮಿ. ವೀಳ್ಯದೆಲೆ ಕಟ್ಟು ನೆನೆಸಿಕೊಳ್ಳಿ. ಎಲೆಯ ನರದ ಉದ್ದಕ್ಕೆ ಹೋಗುವುದು ಸುಲಭ. ಕಟ್ಟಿನ ಮೇಲಿಂದ ಕೆಳಕ್ಕೆ ಹೋಗಬೇಕಾದರೆ ಒಂದೊಂದು ಎಲೆಯನ್ನೂ ದಾಟಬೇಕು, ನಡುವಿನ ಸಂದನ್ನೂ ದಾಟಬೇಕು.

ಈಗ ಶೀಟ್ ಮಾಡುವಾಗ ಏನಾಗುತ್ತದೆ ನೋಡಿ. ಕಲಸಿದ ಎಪಾಕ್ಸಿಯನ್ನು ಹರಡಿ ಒತ್ತುತ್ತಾರೆ. ಒತ್ತಿದಾಗ ಚಕ್ಕೆಗಳೆಲ್ಲ ಸುಮ್ನೆ ಮಲಗಿಬಿಡುತ್ತವೆ. ಅದು ಚಕ್ಕೆಯ ಸ್ವಭಾವ, ಯಾರ ಮೋಸವೂ ಅಲ್ಲ. ಆದರೆ ಮಲಗಿದ ದಿಕ್ಕಿನಲ್ಲಿ ಅಳೆದ ಅಂಕಿಯನ್ನು ದೊಡ್ಡದಾಗಿ ಬರೆದು, ದಪ್ಪದ ಅಂಕಿಯನ್ನು ಎಲ್ಲೂ ಬರೆಯದೆ ಇರುವುದು ತಪ್ಪು. ಕತ್ತಲಲ್ಲಿ ನೀರಿಗೆ ಹೋದವರು ಆ ತಪ್ಪಿಗೆ ಬೆಲೆ ಕೊಟ್ಟರು.

ಇನ್ನು ಹೊಸ ಶೀಟಿನ ವಿಷಯ. ಇದನ್ನು ಮಾಡುವವರು ಚಿಕ್ಕ ತಂಡ, ಇನ್ನೂ ಅಂಗಡಿಗೆ ಬಿಟ್ಟಿಲ್ಲ, ಆರ್ಡರ್ ಮೇಲೆ ಕೊಯ್ದು ಕೊಡುತ್ತಾರೆ, ಅದಕ್ಕೆ ಹೆಸರು ಹಾಕುತ್ತಿಲ್ಲ. ಇದರಲ್ಲೂ ಎಪಾಕ್ಸಿ, ಅದೇ ಬೋರಾನ್ ನೈಟ್ರೈಡ್. ವ್ಯತ್ಯಾಸ ಒಂದೇ: ಚಕ್ಕೆಗಳು ನಿಂತಿವೆ.

ಹೇಗೆ ನಿಲ್ಲಿಸಿದಿರಿ ಅಂತ ಕೇಳಿದೆ. ಅವರು ಹೇಳಿದ್ದು ಕೇಳಿ ನನಗೆ ನಮ್ಮ ಅಜ್ಜಿಯ ಪತ್ರೊಡೆ ಕಣ್ಣಮುಂದೆ ಬಂತು. ಕೆಸುವಿನ ಎಲೆಗೆ ಹಿಟ್ಟು ಬಳಿದು, ಅದರ ಮೇಲೆ ಇನ್ನೊಂದು ಎಲೆ, ಮತ್ತೆ ಹಿಟ್ಟು, ಆಮೇಲೆ ಸುತ್ತಿ, ಬೇಯಿಸಿ, ಅಡ್ಡಕ್ಕೆ ಕೊಯ್ಯುತ್ತಾರಲ್ವಾ? ಕೊಯ್ದ ಬಿಲ್ಲೆಯನ್ನು ತಟ್ಟೆಯಲ್ಲಿಟ್ಟರೆ ಎಲೆಗಳು ಮಲಗಿರುವುದಿಲ್ಲ, ನಿಂತಿರುತ್ತವೆ. ಇವರು ಮಾಡುವುದೂ ಅದನ್ನೇ. ಚಕ್ಕೆ ಮಲಗಿರುವ ತೆಳು ತೆಳು ಎಪಾಕ್ಸಿ ಪದರಗಳನ್ನು ಮಾಡಿ, ಪೂರ್ತಿ ಗಟ್ಟಿಯಾಗುವ ಮುಂಚೆ ಒಂದರ ಮೇಲೊಂದು ಪೇರಿಸಿ, ಬಿಸಿಯಲ್ಲಿ ಒತ್ತಿ ದಪ್ಪ ಇಟ್ಟಿಗೆ ಮಾಡುತ್ತಾರೆ. ಆಮೇಲೆ ಇಟ್ಟಿಗೆಯನ್ನು ಪದರಕ್ಕೆ ಅಡ್ಡವಾಗಿ ಸೀಳುತ್ತಾರೆ. ಒತ್ತಿದಾಗ ಚಕ್ಕೆ ಮಲಗುತ್ತದೆ ಅನ್ನುವ ಅದೇ ತೊಂದರೆಯನ್ನು ಉಪಯೋಗಕ್ಕೆ ತಿರುಗಿಸಿದ್ದಾರೆ. ಇದು ನನಗೆ ತುಂಬಾ ಇಷ್ಟವಾಯಿತು.

ಬೇರೆ ದಾರಿಗಳೂ ಇವೆ. ಅದರಲ್ಲಿ ಐಸ್ ದಾರಿ ಚೆಂದ. ಚಕ್ಕೆಗಳನ್ನು ನೀರಿನಲ್ಲಿ ಕಲಸಿ, ಪಾತ್ರೆಯ ತಳವನ್ನು ಮಾತ್ರ ತಣ್ಣಗೆ ಮಾಡುತ್ತಾರೆ. ಐಸ್ ತಳದಿಂದ ಮೇಲಕ್ಕೆ ಕಡ್ಡಿ ಕಡ್ಡಿಯಾಗಿ ಬೆಳೆಯುತ್ತದೆ, ಬೆಳೆಯುತ್ತಾ ಚಕ್ಕೆಗಳನ್ನು ಪಕ್ಕಕ್ಕೆ ತಳ್ಳುತ್ತದೆ. ಚಕ್ಕೆಗಳು ಐಸ್ ಕಡ್ಡಿಗಳ ನಡುವೆ ಸಿಕ್ಕಿ ಗೋಡೆಯ ಹಾಗೆ ನಿಲ್ಲುತ್ತವೆ. ಆಮೇಲೆ ಐಸನ್ನು ಕರಗಿಸದೆ, ನಿರ್ವಾತದಲ್ಲಿ ನೇರ ಆವಿ ಮಾಡಿ ತೆಗೆದರೆ ಜೇನುಹುಟ್ಟಿನಂಥ ಗೂಡು ಉಳಿಯುತ್ತದೆ, ಅದರೊಳಗೆ ಎಪಾಕ್ಸಿ ಇಳಿಸುತ್ತಾರೆ. 2015 ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ಹೀಗೆ ಮಾಡಿ ಬರೇ 9.29 ಶೇಕಡಾ ಬೋರಾನ್ ನೈಟ್ರೈಡಿಗೆ 2.85 ತಲುಪಿದ್ದರು. ಸಾದಾ ಎಪಾಕ್ಸಿಯ 0.2 ರ ಪಕ್ಕ ಇಟ್ಟು ನೋಡಿ. ಅಯಸ್ಕಾಂತದ ದಾರಿಯೂ ಇದೆ. ಚಕ್ಕೆಗೆ ಕಬ್ಬಿಣದ ಆಕ್ಸೈಡಿನ ಸಣ್ಣ ಕಣಗಳನ್ನು ಅಂಟಿಸಿ, ಎಪಾಕ್ಸಿ ಇನ್ನೂ ನೀರಾಗಿರುವಾಗಲೇ ಅಯಸ್ಕಾಂತದ ನಡುವೆ ಇಟ್ಟರೆ ಚಕ್ಕೆಗಳು ತಿರುಗಿ ನಿಲ್ಲುತ್ತವೆ, ಹಾಗೇ ಗಟ್ಟಿಯಾಗುತ್ತವೆ.

ಇಷ್ಟು ಕಷ್ಟ ಯಾಕೆ, ಪುಡಿಯನ್ನೇ ಇನ್ನೂ ಜಾಸ್ತಿ ಹಾಕಬಹುದಲ್ಲ ಅಂತ ನಾನೂ ಕೇಳಿದ್ದೆ. ಎಪಾಕ್ಸಿ ಕಲಸಿದವರಿಗೆ ಉತ್ತರ ಕೈಯಲ್ಲೇ ಇದೆ. ರಾಗಿ ಮುದ್ದೆಗೆ ಹಿಟ್ಟು ಜಾಸ್ತಿಯಾದರೆ ಕೋಲು ತಿರುಗುವುದಿಲ್ಲ, ಗಂಟಾಗುತ್ತದೆ. ಎಪಾಕ್ಸಿಯೂ ಹಾಗೇ. ಒಂದು ಹದ ದಾಟಿದರೆ ಸುರಿಯಲು ಬರುವುದಿಲ್ಲ, ಗಾಳಿಗುಳ್ಳೆ ಆಚೆ ಬರುವುದಿಲ್ಲ. ಒಂದೇ ಗಾತ್ರದ ಗುಂಡುಗಳನ್ನು ಎಷ್ಟೇ ಅಲ್ಲಾಡಿಸಿ ತುಂಬಿದರೂ ಜಾಗದ 64 ಶೇಕಡಾ ಹತ್ತಿರ ನಿಂತುಬಿಡುತ್ತದೆ. ಒಳಗೆ ಉಳಿದ ಗಾಳಿಯ ಅಂಕಿ 0.026, ಎಪಾಕ್ಸಿಗಿಂತಲೂ ಕೆಟ್ಟದ್ದು. ಮೇಲಾಗಿ ಕಣದಿಂದ ಕಣಕ್ಕೆ ಹಾರುವಾಗಲೆಲ್ಲ ಬಿಸಿಗೆ ಅಡ್ಡಿಯಾಗುತ್ತದೆ. ಎರಡು ವಸ್ತು ಸೇರುವ ಗಡಿಯಲ್ಲಿ ಹೀಗೆ ತಾಪ ಜಿಗಿಯುವುದನ್ನು ಪ್ಯೋತ್ರ್ ಕಪಿಟ್ಸ 1941 ರಲ್ಲಿ ದ್ರವ ಹೀಲಿಯಂ ಪ್ರಯೋಗದಲ್ಲಿ ತೋರಿಸಿದ್ದರು, ಇವತ್ತಿಗೂ ಆ ತಡೆಗೆ ಅವರದೇ ಹೆಸರು. ಉದ್ದ ಚಕ್ಕೆ ನೇರ ನಿಂತರೆ ದಾಟಬೇಕಾದ ಗಡಿಗಳೇ ಕಮ್ಮಿಯಾಗುತ್ತವೆ. ಅದಕ್ಕೇ ಪುಡಿ ಕಮ್ಮಿ ಇದ್ದರೂ ಕೆಲಸ ಜಾಸ್ತಿ.

ಹೇಳಿದ್ದನ್ನು ಕೇಳಿ ಒಮ್ಮೆ ಕೈ ಸುಟ್ಟುಕೊಂಡಿದ್ದೆ. ಈ ಸಲ ನೋಡದೆ ನಂಬಬಾರದು ಅಂತ ಅವರ ಹತ್ತಿರ ಸೀಳದೆ ಇರುವ ಇಟ್ಟಿಗೆಯ ತುಂಡೊಂದನ್ನು ಕೇಳಿದೆ, ಕೊಟ್ಟರು. ಅದರಿಂದ 1 ಸೆಂಟಿಮೀಟರಿನ ಎರಡು ಘನ ಕೊಯ್ದೆವು. ಭೂತಗನ್ನಡಿಯಲ್ಲಿ ನೋಡಿದರೆ ಒಂದು ಮೈಯಲ್ಲಿ ಸಣ್ಣ ಸಣ್ಣ ಗೆರೆಗಳು, ಪುಸ್ತಕದ ಹಾಳೆ ಅಂಚಿನ ಹಾಗೆ. ಪಕ್ಕದ ಮೈ ನುಣುಪು, ಉಗುರಲ್ಲಿ ಕೆರೆದರೆ ಸ್ವಲ್ಪ ಜಾರುತ್ತದೆ. ದೋಸೆ ಕಾವಲಿಯ ಮೇಲೆ ಚೂರು ಥರ್ಮಲ್ ಪೇಸ್ಟ್ ಹಚ್ಚಿ ಎರಡನ್ನೂ ಪಕ್ಕಪಕ್ಕ ಇಟ್ಟೆವು. ಒಂದರಲ್ಲಿ ಗೆರೆ ನಿಂತಿದೆ, ಇನ್ನೊಂದರಲ್ಲಿ ಗೆರೆ ಮಲಗಿದೆ. ಎರಡರ ತಲೆಯ ಮೇಲೂ ಮೇಣದ ಒಂದೊಂದು ಚೂರು. ಒಲೆ ಸಣ್ಣಗೆ ಹಚ್ಚಿದೆವು. ನಮ್ಮಲ್ಲಿ ಬೆಸುಗೆ ಕೆಲಸ ನೋಡುವ ಅಕ್ಕ ಮೊಬೈಲ್ ಹಿಡಿದು ಸಮಯ ನೋಡುತ್ತಿದ್ದರು.

ನಿಂತ ಗೆರೆಯ ಘನದ ಮೇಲಿನ ಮೇಣ ಮೊದಲು ಅಂಚಲ್ಲಿ ಹೊಳೆಯಿತು, ಆಮೇಲೆ ಒಂದೇ ಸಲ ಕುಸಿದು ನೀರಾಯಿತು. ಮಲಗಿದ್ದರ ಮೇಲಿನದ್ದು ಹಾಗೇ ಕೂತಿತ್ತು. ಎಷ್ಟು ಹೊತ್ತು! ಅಕ್ಕ 'ಇದು ಕರಗಲ್ಲ ಬಿಡಿ' ಅಂದ ಮೇಲೆ ನಿಧಾನಕ್ಕೆ ಬೆವರಿತು. ಗಡಿಯಾರದಲ್ಲಿ ಒಂದಕ್ಕೆ ಮೂರು ಪಟ್ಟು ಹತ್ತಿರ. ಆಮೇಲೆ ಎರಡನ್ನೂ ತಣಿಸಿ, ಮಗ್ಗುಲು ಬದಲಿಸಿ ಇಟ್ಟೆವು. ಮೊದಲು ಸೋತದ್ದು ಈಗ ಗೆದ್ದಿತು. ಅದೇ ವಸ್ತು, ಅದೇ ತೂಕ, ಅದೇ ಪುಡಿ. ದಿಕ್ಕು ಮಾತ್ರ ಬೇರೆ. ನಮ್ಮ ಶೆಡ್ಡಿನ ಆರೂ ಜನಕ್ಕೆ ಅವತ್ತು ಅರ್ಥವಾದಷ್ಟು ಯಾವ ಡೇಟಾಶೀಟಿನಿಂದಲೂ ಅರ್ಥವಾಗಿರಲಿಲ್ಲ.

ದೀಪದಲ್ಲಿ ಹಾಕಿ ನೋಡಿದ್ದೂ ಹೇಳುತ್ತೇನೆ. ಅದೇ ಬಾಡಿ, ಅದೇ 30 ವ್ಯಾಟ್, ಅದೇ 1 ಮಿಲಿಮೀಟರ್ ದಪ್ಪ. ಹಳೆಯ ಶೀಟಿನಲ್ಲಿ 34 ಡಿಗ್ರಿ ಇದ್ದ ಅಂತರ ಇದರಲ್ಲಿ 9 ಕ್ಕೆ ಇಳಿಯಿತು. ಅವರು ದಪ್ಪದ ದಿಕ್ಕಿಗೆ 8 ಅಂತ ಬರೆದುಕೊಟ್ಟಿದ್ದರು, ಆ ಲೆಕ್ಕಕ್ಕೆ ಸುಮಾರು 6 ಬರಬೇಕು. ಉಳಿದದ್ದು ಎರಡೂ ಬದಿ ತಾಗುವ ಜಾಗದ್ದು. ನನಗೆ ಒಪ್ಪಿಗೆ. 20 ಅಂತ ಹೇಳಿ ಒಂದೂವರೆ ಕೊಡುವುದಕ್ಕಿಂತ 8 ಅಂತ ಹೇಳಿ 8 ಕೊಡುವುದು ಎಷ್ಟೋ ಮೇಲು. 25 ಡಿಗ್ರಿ ಕಮ್ಮಿ ಅಂದರೆ ಸಣ್ಣದಲ್ಲ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ (ಕರೆಂಟ್ ಕೂಡಿಡುವ ಬಿಡಿಭಾಗ) ವಿಷಯದಲ್ಲಿ 10 ಡಿಗ್ರಿ ಇಳಿದರೆ ಆಯಸ್ಸು ಎರಡು ಪಟ್ಟು ಅಂತ ಒಂದು ಅಂದಾಜು ಲೆಕ್ಕ ಇದೆ. ಎಲ್‌ಇಡಿಗೆ ಲೆಕ್ಕ ಬೇರೆ, ಆದರೆ ಬಿಸಿ ಅದಕ್ಕೂ ಶತ್ರುವೇ.

ಇನ್ನು ಒಂದು ಸ್ಟಾರ್ ಯಾಕೆ ಕಳೆದೆ ಅನ್ನುವುದು.

ಈ ಶೀಟ್ ಗಟ್ಟಿ. ಸಿಲಿಕೋನ್ ಪ್ಯಾಡ್ ಆದರೆ ಒತ್ತಿದರೆ ಮೆತ್ತಗಾಗಿ ಬಾಡಿಯ ಏರುತಗ್ಗು ತುಂಬಿಕೊಳ್ಳುತ್ತದೆ. ಎಪಾಕ್ಸಿ ಹಾಗೆ ಬಾಗುವುದಿಲ್ಲ. ನಮ್ಮ ಎರಕದ ಬಾಡಿ ಸಮ ಇರಲಿಲ್ಲ, ಮೊದಲ ಸಲ ಹಾಗೇ ಕೂರಿಸಿದಾಗ ಅಂತರ 17 ಡಿಗ್ರಿ ಬಂತು. ಆಮೇಲೆ ಲೇತಿನಲ್ಲಿ ಮೇಲ್ಮೈ ಸವೆಸಿ ಸಮ ಮಾಡಿಸಿ, ಎರಡೂ ಬದಿಗೆ ತೆಳ್ಳಗೆ ಪೇಸ್ಟ್ ಹಚ್ಚಿದ ಮೇಲೇ 9 ಆದದ್ದು. ಆ ಲೇತ್ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ಎರಡನೆಯದು ಇನ್ನೂ ಮುಖ್ಯ. ಪದರಗಳು ನಿಂತಿವೆಯಲ್ಲ, ಪದರದ ಗುಂಟ ಇದು ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಒಂದು ದಿಕ್ಕಿಗೆ ಬಾಗಿಸಿದರೆ ತಡೆಯುತ್ತದೆ, ಇನ್ನೊಂದು ದಿಕ್ಕಿಗೆ ಸ್ವಲ್ಪ ಒತ್ತಿದರೂ ಟಕ್ ಅನ್ನುತ್ತದೆ. ಸ್ಕ್ರೂ ಒಂದೇ ಬದಿ ಪೂರ್ತಿ ಬಿಗಿದು ನಾವು ಮೊದಲ ದಿನವೇ ನಾಲ್ಕು ಶೀಟ್ ಕಳೆದೆವು. ಎದುರುಬದುರು ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಒಡೆದ ಶೀಟನ್ನು ಸುಮ್ನೆ ಜೋಡಿಸಿ ಹಾಕಬೇಡಿ. ಬಿಸಿ ಹೇಗೋ ಹೋಗಬಹುದು, ಬಿರುಕಿನಲ್ಲಿ ಕರೆಂಟೂ ಹೋಗಬಹುದು. ಒಡೆಯದ ಶೀಟುಗಳನ್ನು 2,500 ವೋಲ್ಟಿನಲ್ಲಿ ಒಂದೊಂದು ನಿಮಿಷ ಹೈಪಾಟ್ ಟೆಸ್ಟ್ (ಹೆಚ್ಚು ವೋಲ್ಟಿಗೆ ಕರೆಂಟ್ ಸೋರುತ್ತದೆಯೇ ನೋಡುವ ಪರೀಕ್ಷೆ) ಮಾಡಿದೆವು, ಎಲ್ಲವೂ ಪಾಸಾದವು.

ಬೆಲೆ: 100 ಮಿಲಿಮೀಟರ್ ಚೌಕಕ್ಕೆ ನಮಗೆ 1,450 ರೂಪಾಯಿ ಬಿತ್ತು. ಅದರಲ್ಲಿ 20 ಮಿಲಿಮೀಟರಿನ 25 ತುಂಡು ಆಗಬೇಕು, ಗರಗಸಕ್ಕೆ ಹೋಗುವುದು ಕಳೆದು 16 ಸಿಗುತ್ತವೆ. ದೀಪಕ್ಕೆ 90 ರೂಪಾಯಿ ಅಂದುಕೊಳ್ಳಿ. ವಾಪಸ್ ಬಂದ ದೀಪ ಒಂದಕ್ಕೆ ಲಾರಿ ಬಾಡಿಗೆ, ಕಂಬ ಹತ್ತುವವರ ಕೂಲಿ, ಹೊಸ ಎಲ್‌ಇಡಿ ಎಲ್ಲ ಸೇರಿಸಿದರೆ ಇದಕ್ಕಿಂತ ಎಷ್ಟೋ ಪಟ್ಟು ಆಗಿತ್ತು. 5 ವ್ಯಾಟ್, 9 ವ್ಯಾಟಿನ ಮನೆ ಬಲ್ಬಿಗೆ ಇದು ಬೇಡವೇ ಬೇಡ. ಆ ಬಲ್ಬಿನೊಳಗಿನ ಬಿಳಿ ಅಲ್ಯೂಮಿನಿಯಂ ಬಿಲ್ಲೆಯಲ್ಲಿ ತಾಮ್ರಕ್ಕೂ ಅಲ್ಯೂಮಿನಿಯಂಗೂ ನಡುವೆ ಕೂದಲೆಳೆಯಷ್ಟು ತೆಳುವಾದ ಎಪಾಕ್ಸಿ ಪದರ ಇರುತ್ತದೆ, ಅಷ್ಟು ತೆಳು ಇದ್ದರೆ ಅಂಕಿ ಒಂದೆರಡು ಇದ್ದರೂ ನಡೆಯುತ್ತದೆ.

ಕೆಲವರು ಕಾರ್ಬನ್ ಫೈಬರ್ ಪ್ಯಾಡ್ ಯಾಕೆ ಹಾಕಲಿಲ್ಲ ಅಂತ ಕೇಳುತ್ತಾರೆ. ಅದೂ ಒಳಗೆ ಬೆರೆಸಿದ್ದನ್ನು ನಿಲ್ಲಿಸುವ ತಂತ್ರವೇ. ಕಂಪ್ಯೂಟರ್ ಜೋಡಿಸುವವರಿಗೆ ಥರ್ಮಲ್ ಗ್ರಿಜ್ಲಿಯ ಕಾರ್ಬೊನಾಟ್ ಗೊತ್ತಿರುತ್ತದೆ, ಅದರ ಮೇಲೆ 62.5 ಅಂತ ಇದೆ. ಪ್ರೊಸೆಸರ್ ಮೇಲೆ ಹಾಕಲು ಒಳ್ಳೆಯದು, ತೆಗೆದು ಮತ್ತೆ ಹಾಕಬಹುದು. ಆದರೆ ಕಾರ್ಬನ್ ಕರೆಂಟ್ ಹರಿಸುತ್ತದೆ. ನಮ್ಮ ದೀಪದಲ್ಲಿ ಎಲ್‌ಇಡಿಗೂ ಬಾಡಿಗೂ ನಡುವೆ ಅದನ್ನು ಇಡಲು ಸಾಧ್ಯವೇ ಇಲ್ಲ. ಕರೆಂಟ್ ತಾಗಿದರೂ ಪರವಾಗಿಲ್ಲ ಅನ್ನುವ ಜಾಗ ಆದರೆ ಕಾರ್ಬನ್, ತಾಗಲೇಬಾರದು ಅಂದರೆ ಬೋರಾನ್ ನೈಟ್ರೈಡ್.

ಡಬ್ಬದಲ್ಲಿ ಬರುವ ಪಾಟಿಂಗ್ ಎಪಾಕ್ಸಿ (ಬಿಡಿಭಾಗಗಳ ಮೇಲೆ ಸುರಿದು ಮುಚ್ಚುವಂಥದ್ದು) ಬಳಸುವವರಿಗೆ ಒಂದು ಮಾತು. ಅದರಲ್ಲಿ ಚಕ್ಕೆ ನಿಲ್ಲಿಸುವುದು ನಮ್ಮಂಥವರ ಕೈಯಲ್ಲಿ ಆಗುವ ಕೆಲಸವಲ್ಲ. ಅಲ್ಯೂಮಿನಾ ಎಪಾಕ್ಸಿಗಿಂತ ಮೂರು ಪಟ್ಟಿಗೂ ಹೆಚ್ಚು ಭಾರ, ತಿಂಗಳು ಇಟ್ಟರೆ ತಳಕ್ಕೆ ಕೂತು ಗಟ್ಟಿಯಾಗುತ್ತದೆ. ಮೇಲಿನ ತಿಳಿ ಸುರಿದರೆ ನೀವು ಬರೇ ಎಪಾಕ್ಸಿ ಸುರಿದ ಹಾಗೆ. ಹಾರ್ಡನರ್ (ಎಪಾಕ್ಸಿಯನ್ನು ಗಟ್ಟಿ ಮಾಡುವ ದ್ರವ) ಹಾಕುವ ಮುಂಚೆ ತಳ ಕೆರೆದು ಚೆನ್ನಾಗಿ ಕಲಸಿ.

ಶೀಟ್ ಯಾರ ಹತ್ತಿರ ತೆಗೆದುಕೊಂಡರೂ ಸರಿ, ಮೊದಲು ಕೇಳಿ: ಈ ಅಂಕಿ ಯಾವ ದಿಕ್ಕಿನದ್ದು? ದಪ್ಪದ ದಿಕ್ಕಿನದ್ದು ಬರೆದುಕೊಡಿ ಅನ್ನಿ. ಎಎಸ್‌ಟಿಎಂ ಡಿ5470 ಅನ್ನುವ ಪ್ರಮಾಣಿತ ವಿಧಾನದಲ್ಲಿ ಅಳೆದಿದ್ದರೆ ಅದು ಮೇಲಿಂದ ಕೆಳಕ್ಕೆ ಅಳೆದದ್ದು, ನಿಮಗೆ ಬೇಕಾದ ಅಂಕಿ ಅದೇ. ಉತ್ತರ ಕೊಡಲು ತಡವರಿಸಿದರೆ ಒಂದು ಚೂರು ಸ್ಯಾಂಪಲ್ ತಂದು ಕಾವಲಿ, ಮೇಣ ಇಟ್ಟು ನೋಡಿ, ಐದು ನಿಮಿಷದ ಕೆಲಸ.

ಈ ವರ್ಷ ಫೆಬ್ರವರಿಯಲ್ಲಿ ಹೊಸ ಶೀಟ್ ಹಾಕಿದ 20 ದೀಪಗಳನ್ನು ಅದೇ ಊರಿಗೆ ನಮ್ಮ ಖರ್ಚಿನಲ್ಲೇ ಕೊಟ್ಟೆವು, ನೀರಿನ ಟ್ಯಾಂಕಿನ ದಾರಿಯ ಕಂಬಗಳಿಗೆ. ಮೇ ಮೊದಲ ವಾರ ನಾನೇ ಹೋಗಿದ್ದೆ. ರಾತ್ರಿ ಎಂಟೂವರೆಗೆ ಏಣಿ ಹಾಕಿ ಮೂರು ದೀಪಗಳ ಬಾಡಿ ಅಳೆದೆ. ಬಾಡಿ ಚೆನ್ನಾಗಿ ಬಿಸಿಯಾಗಿತ್ತು, ಕೈ ಇಡಲು ಆಗಲಿಲ್ಲ.  ಆದರೂ ಇಪ್ಪತ್ತರಲ್ಲಿ ಇಪ್ಪತ್ತೂ ಹತ್ತುತ್ತಿದ್ದವು, ಅದನ್ನು ನೋಡಿ ಖುಷಿಯಾಯಿತು. ಉಳಿದ 120 ಕ್ಕೆ ಶೀಟ್ ಆರ್ಡರ್ ಕೊಟ್ಟಿದ್ದೇನೆ, ಈ ಸಲ ಪದರದ ದಿಕ್ಕಿಗೆ ಅಂಚಿನಲ್ಲಿ ಕೆಂಪು ಗೆರೆ ಎಳೆದು ಕೊಡಿ ಅಂತ ಕೇಳಿಕೊಂಡಿದ್ದೇನೆ, ಒಪ್ಪಿದ್ದಾರೆ.